ನೀರಿನ ಸಂಪ್‌ಗೆ ಬಿದ್ದ ಎಂಜಿನ್ ಆಯಿಲ್

ಗೆಳೆಯರೇ, ಇಂದು ಬೆಳಿಗ್ಗೆ ಹಿಮಾಯತ್‌ನಗರದ ನಮ್ಮ ಅಪಾರ್ಟ್‌ಮೆಂಟಿನ ಸೆಲ್ಲಾರ್ ಪಾರ್ಕಿಂಗಿನಲ್ಲಿ, ಇಂಟರ್ನೆಟ್ಟಿನಲ್ಲಿ ನೋಡಿದ ಧೈರ್ಯದ ಮೇಲೆ, ಕಾರಿನ ಆಯಿಲ್ ಬದಲಿಸಲು ನಾನೇ ಕೈಹಾಕಿದೆ. ಕೆಳಗಿನ ಬೋಲ್ಟ್ ಬಿಚ್ಚಿದೊಡನೆ ಬಿಸಿ ಆಯಿಲ್ ಕೈಮೇಲೆ ಸುರಿಯಿತು. ಬೆಚ್ಚಿ ಕೈ ಎಳೆದುಕೊಂಡಾಗ ಕೆಳಗಿಟ್ಟಿದ್ದ ಬೋಗುಣಿ ಮಗುಚಿತು. ಆಯಿಲ್ ಇಳಿಜಾರಿನಲ್ಲಿ ಹರಿದು, ಮುಚ್ಚಳ ತೆರೆದಿದ್ದ ನೀರಿನ ಸಂಪ್‌ಗೆ ಬಿತ್ತು.

ವಾಚ್‌ಮನ್‌ಗೆ ಹೇಳಲು ಓಡಿದೆ. ಅಷ್ಟರಲ್ಲಿ ಅವನು ಮೋಟರ್ ಹಾಕಿಬಿಟ್ಟಿದ್ದ. ಮೂರನೇ ಮಹಡಿಯ ಬಾಗಲಕೋಟೆಯ ಬಸಣ್ಣನವರು ತೀರಿಕೊಂಡಿದ್ದರಂತೆ. ಶವಕ್ಕೆ ಸ್ನಾನ ಮಾಡಿಸಲು ನೀರು ಬೇಕಿತ್ತು.

ಮೇಲೆ ಹೋದಾಗ ಅವರ ತಮ್ಮ ಬಕೆಟ್ ಹಿಡಿದು ನಿಂತಿದ್ದರು. “ನೋಡ್ರಿಲ್ಲೆ, ನೀರು ಕರ್ರಗ ಬರಾಕತ್ತೈತಿ. ಅಣ್ಣಗ ಇದನ್ನ ಹ್ಯಾಂಗ ಹಾಕೂದ್ರಿ?”

“ನನ್ನ ಕಾರಿನ ಆಯಿಲ್ ಬಿದ್ದೈತ್ರಿ, ತಪ್ಪಾತು,” ಎಂದೆ.

“ಇಷ್ಟ ದೊಡ್ಡ ಊರಾಗ ನಿಮಗೊಂದು ಗ್ಯಾರೇಜ್ ಸಿಗಲಿಲ್ಲೇನ್ರಿ?”

ಅಂಗಡಿಗೆ ಹೋಗಿ ಕುಡಿಯುವ ನೀರಿನ ಕ್ಯಾನುಗಳನ್ನು ಹೊತ್ತು ತಂದೆ. ಅವನ್ನು ನೋಡಿ ಬಸಣ್ಣನವರ ಹೆಂಡತಿ, “ಕ್ಯಾನಿನ ನೀರು ತರಿಸಿದ್ರ ಇವರು ಜಗಳಾ ತಗೀತಿದ್ರು. ಇವತ್ತ ಅದರಾಗ ಜಳಕ ಮಾಡಸಬೇಕಾತು,” ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮಧ್ಯಾಹ್ನ ಸ್ಮಶಾನಕ್ಕೆ ಹೊರಟಾಗ ನೆಂಟರಿಗೆ ಒಂದು ಕಾರು ಕಡಿಮೆ ಬಿತ್ತು. ಎಲ್ಲರೂ ನನ್ನ ಕಡೆ ನೋಡಿದರು. ಇಡೀ ಕಟ್ಟಡದ ನಳಗಳಲ್ಲಿ ಆಯಿಲ್ ಇತ್ತು, ನನ್ನ ಕಾರಿನಲ್ಲಿ ಮಾತ್ರ ಇರಲಿಲ್ಲ.