ಗೀರಕ್ಕನ ಗಾಜಿನ ತಟ್ಟೆ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಗೀರಕ್ಕ ಎನ್ನುತ್ತಿದ್ದರು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಪದರವನ್ನು ಸೂಜಿಯಿಂದ ಗೀರುವುದೇ ಅವಳ ಕೆಲಸ. ಗಾಯಗೊಂಡ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗಿದೊಡನೆ ಬೆರೆಸಿಟ್ಟ ಬಣ್ಣ ಮಿನುಗುತ್ತಿತ್ತು. ಆ ಮಿನುಗು ನೆರೆಯ ಕೋಶಗಳಿಗೂ ಹಬ್ಬಿ, ಅವು ಗಾಯ ಮುಚ್ಚಲು ಮೆಲ್ಲಗೆ ತೆವಳಿ ಬರುತ್ತಿದ್ದವು.

ಕ್ಯಾನ್ಸರ್ ಹಿಡಿದು ಮನೆಯಲ್ಲಿ ಮಲಗಿದ್ದ ಅವಳ ತಂಗಿ ಒಂದು ಸಂಜೆ ಕೇಳಿದಳು: “ಎದೇಲಿದ್ದದ್ದು ಮೂಳೆಗೂ ಹೋಗಿದ್ಯಂತೆ. ಅದ್ಯಾಕಕ್ಕಾ ಇದ್ದಲ್ಲಿ ಇರಲ್ಲ?”

“ಅದನ್ನ ಎಬ್ಬಿಸೋದೂ ನನ್ನ ತಟ್ಟೇಲಿ ಕೋಶಗಳನ್ನ ಎಬ್ಬಿಸೋ ಅದೇ ಕ್ಯಾಲ್ಸಿಯಂ ಕಣೇ. ಒಳ್ಳೆ ಕೋಶ ಗಾಯ ಮುಚ್ಚಿದ ಮೇಲೆ ಸುಮ್ಮನಾಗುತ್ತೆ. ಈ ಹಾಳಾದ್ದಕ್ಕೆ ನಿಲ್ಲೋದೇ ಗೊತ್ತಿಲ್ಲ.”

“ನಮ್ಮತ್ತೆ ಥರ! ಮಗು ಹುಟ್ಟಿದಾಗ ನಾಲ್ಕು ದಿನ ಇದ್ದು ಹೋಗ್ತೀನಿ ಅಂತ ಬಂದೋರು, ಮಗು ಕಾಲೇಜು ಸೇರಿದ್ರೂ ಹೋಗಿಲ್ಲ.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟರಲ್ಲಿ ಅತ್ತೆ ಬಿಸಿನೀರಿನ ಚೀಲ ತಂದು ಸೊಸೆಯ ಬೆನ್ನಿಗಿಟ್ಟು ಹೋದರು.

ತಂಗಿ ಬಾಗಿಲನ್ನೇ ನೋಡುತ್ತಾ, “ಇವರು ಇರ್ಲಿ ಬಿಡಕ್ಕಾ,” ಎಂದಳು.