ಗಿರಿಜಕ್ಕನ ಅಂಗಡಿಯಲ್ಲಿ ಕಾದಿದ್ದ ಚೀಲ

ದಕ್ಷಿಣ ಬೆಂಗಳೂರಿನ ಬನಶಂಕರಿಯ ಗಿರಿಜಕ್ಕನ ಟಿಕೆಟ್ ಬುಕಿಂಗ್ ಅಂಗಡಿಯಲ್ಲಿ ಕುರ್ಚಿಗಳ ಮೇಲೆ ಜನರಿಗಿಂತ ಚೀಲಗಳೇ ಹೆಚ್ಚು ಕೂತಿರುತ್ತಿದ್ದವು. ಪ್ರಯಾಣದ ದಿನ ಗಳಿಗೆ ಸರಿಯಿಲ್ಲದಿದ್ದರೆ ಹಿಂದಿನ ದಿನವೇ ಒಳ್ಳೆಯ ಹೊತ್ತು ನೋಡಿ ಒಂದು ಚೀಲವನ್ನು ಬೇರೆಯವರ ಮನೆಯಲ್ಲಿ ಇಟ್ಟುಬರುವ ರೂಢಿ ನಮ್ಮಲ್ಲಿದೆ. ಪ್ರಸ್ಥಾನ ಎನ್ನುತ್ತಾರೆ. ಚೀಲ ಹೊರಟರೆ ಮನುಷ್ಯ ಹೊರಟಂತೆ. ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲದ ಅಪಾರ್ಟ್‌ಮೆಂಟಿನವರಿಗೆ ಗಿರಿಜಕ್ಕನ ಅಂಗಡಿಯೇ ಆ ಬೇರೆ ಮನೆ.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಅಪ್ಪ ಇಸ್ತ್ರಿ ಮಾಡಿ, ಅಮ್ಮ ನಾಲ್ಕು ಮನೆ ಕೆಲಸ ಮಾಡಿ ಓದಿಸಿದರು. ಎಂ.ಎಸ್ಸಿ. ಮುಗಿದ ಮೇಲೆ ದೆಹಲಿಯಲ್ಲಿ ಸಂಶೋಧನೆಯ ಸೀಟಿಗೆ ಸಂದರ್ಶನ ಬಂತು. ಮೂಲ ಅಂಕಪಟ್ಟಿ ಇಲ್ಲದೆ ಬರಬೇಡಿ ಎಂದು ಪತ್ರದಲ್ಲಿತ್ತು. ಟಿಕೆಟ್ಟಿಗೆ ಗಿರಿಜಕ್ಕನ ಅಂಗಡಿಗೆ ಹೋದೆ.

"ಡೆಲ್ಲಿಗೆ ಎಷ್ಟು ಹೊತ್ತು ಅಕ್ಕ?"

"ಯಾರ ಮನೆಯಿಂದ?"

"ಬೆಂಗಳೂರಿಂದ. ಸಾವಿರದ ಏಳ್ನೂರು ಕಿಲೋಮೀಟರ್, ಎರಡೂಮುಕ್ಕಾಲು ಗಂಟೆ ಅಂತ ಫೋನಲ್ಲಿದೆ."

"ಅದು ವಿಮಾನದ ಲೆಕ್ಕ ಕಣಮ್ಮ. ನೀನೇನು ರನ್‌ವೇಲಿ ಮನೆ ಮಾಡಿದೀಯಾ? ನಿಮ್ಮ ಕೋಣನಕುಂಟೆಯಿಂದ ಇಲ್ಲಿಗೇ ಮುಕ್ಕಾಲು ಗಂಟೆ. ಇಲ್ಲಿಂದ ಬಸ್ಸು ಎರಡೂವರೆ. ಬಾಗ್ಲಲ್ಲಿ ನಿಮ್ಮಮ್ಮ ಅಳೋಕೆ ಹತ್ತು ನಿಮಿಷ ಬೇರೆ."

ಮಧ್ಯಾಹ್ನ ಎರಡರ ವಿಮಾನಕ್ಕೆ ಬೆಳಿಗ್ಗೆ ಏಳಕ್ಕೇ ಮನೆ ಬಿಡಬೇಕೆಂದು ಟಿಕೆಟ್ಟಿನ ಮೇಲೆ ಬರೆದುಕೊಟ್ಟರು. ಅವರು ಒಮ್ಮೆಯೂ ವಿಮಾನ ಹತ್ತಿದವರಲ್ಲ.

ಅಮ್ಮ ಹಿಂದಿನ ದಿನ ಅವರ ಅಂಗಡಿಯಲ್ಲಿ ಬಟ್ಟೆಚೀಲವೊಂದನ್ನು ಇಟ್ಟುಬಂದಳು. ಬೆಳಿಗ್ಗೆ ನಾನು ಅದನ್ನು ತೆಗೆದುಕೊಂಡು ಹೋಗಬೇಕಿತ್ತು. ಹಳೆಯ ಸೀರೆಯೋ ಹಿಡಿ ಅಕ್ಕಿಯೋ ಇದ್ದೀತು, ಓದಿದವಳಿಗೇಕೆ ಇದೆಲ್ಲ ಎಂದು ಅತ್ತ ತಿರುಗದೆ ಬಸ್ ಹತ್ತಿದೆ. ಹತ್ತೂವರೆಗೆ ಊರಿನ ಉತ್ತರಕ್ಕಿರುವ ದೇವನಹಳ್ಳಿಯ ಏರ್‌ಪೋರ್ಟಿನಲ್ಲಿ ಇಳಿದು, ಇಷ್ಟು ಬೇಗ ಬಂದು ಮಾಡುವುದೇನು ಎಂದು ಗಿರಿಜಕ್ಕನನ್ನು ಬೈದುಕೊಳ್ಳುತ್ತಿದ್ದಾಗ ಅಮ್ಮನ ಫೋನ್ ಬಂತು.

"ಚೀಲ ತಗೊಂಡ್ಯಾ? ಮಾರ್ಕ್ಸ್ ಕಾರ್ಡ್ ಫೈಲು ಅದ್ರಲ್ಲೇ ಐತೆ. ಮುಖ್ಯವಾದ್ದು ಮೊದ್ಲು ಹೊರಡ್ಲಿ ಅಂತ ನಿನ್ ಬ್ಯಾಗಿಂದ ತೆಗ್ದು ಇಟ್ಟೆ."

ಅಳುತ್ತಲೇ ಗಿರಿಜಕ್ಕನಿಗೆ ಫೋನ್ ಮಾಡಿದೆ.

"ಅಳ್ಬೇಡ. ಒಂದೂಕಾಲಿಗೆ ನೀನು ಗೇಟಲ್ಲಿರ್ಬೇಕು, ಈಗ ಹತ್ತೂಮುಕ್ಕಾಲು. ಸಾಕಷ್ಟು ಹೊತ್ತಿದೆ. ಅಂಗಡಿ ಬಾಗ್ಲು ಹಾಕ್ದೆ, ಬಂದೆ. ನೀನು ಒಳಗೆ ಹೋಗ್ಬೇಡ, ಆಮೇಲೆ ಹೊರಗೆ ಬಿಡಲ್ಲ."

ಒಂದಕ್ಕೆ ಹತ್ತು ನಿಮಿಷವಿದ್ದಾಗ ಟ್ಯಾಕ್ಸಿಯಿಂದ ಇಳಿದರು. "ತಗೊಳ್ಳಿ ಎಂ.ಎಸ್ಸಿ. ಮೇಡಂ. ಇನ್ನೊಂದ್ಸಲ ಅಮ್ಮನ ಮಾತಿಗೆ ಮೂಗು ಮುರಿದ್ರೆ ನಿಂಗೆ ಟ್ರೈನ್ ಟಿಕೆಟ್ಟೇ!" ಓಡುತ್ತಾ ಒಳಗೆ ಹೋದವಳು ತಿರುಗಿ ನೋಡಿದೆ. ಅವರು ಕಂಬಿಯಾಚೆ ಕತ್ತೆತ್ತಿ, ಮೇಲೇರುತ್ತಿದ್ದ ಯಾವುದೋ ವಿಮಾನ ನೋಡುತ್ತಿದ್ದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಸೀಟು ಸಿಕ್ಕಿತು. ಹೇಳಲು ಫೋನ್ ಮಾಡಿದಾಗ ಅವರು ಕೇಳಿದ್ದು ಒಂದೇ: "ಮೇಲಿಂದ ನಮ್ ಬನಶಂಕರಿ ಕಾಣುತ್ತಾ?" ಫೈಲನ್ನು ಅಪ್ಪಿಕೊಂಡು ಕೂತವಳು ನಾನು ಹೊರಗೆ ನೋಡಿರಲೇ ಇಲ್ಲ. ಕಾಣುತ್ತೆ ಅಕ್ಕ ಎಂದೆ.

ಮರುವರ್ಷ ಅವರು ತೀರಿಕೊಂಡರು. ಆಮೇಲೆ ಊರಿಗೆ ಬರುವಾಗ ಕಿಟಕಿಯ ಪಕ್ಕದ ಸೀಟನ್ನೇ ಕೇಳಿ ಕೂತೆ. ಉತ್ತರದಿಂದ ಬಂದ ವಿಮಾನ ದೇವನಹಳ್ಳಿಯಲ್ಲೇ ಇಳಿಯಿತು. ಬನಶಂಕರಿಯವರೆಗೆ ಅದು ಬರಲೇ ಇಲ್ಲ.