ಪರ್ಸಿಯ ಕೆಳಗಿನ ಗಡ್ಡೆ

ನನ್ನ ಅಪ್ಪನ ತಮ್ಮನ ಹೆಂಡತಿ, ಕಾಕಿಯ ಬಲ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಸದಾ ಕರಿಮಣ್ಣು. ರೊಟ್ಟಿ ಬಡಿಯುವ ಮೊದಲು ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಕಳೆ ಕೀಳುವ ಖುರಪಿ ತಾಗಿ ಹೂವಿನ ಗಡ್ಡೆಗೆ ಪೆಟ್ಟಾದೀತೆಂದು ಬೆರಳಿಂದಲೇ ಮಣ್ಣು ಕೆದಕುತ್ತಿದ್ದಳು.

ತಾಂಡೂರಿನ ನಮ್ಮ ಕೂಡುಮನೆಯ ಅಂಗಳದ ಮೂಲೆಯಲ್ಲಿ ಅವಳ ಕೆಂಪು ಲಿಲ್ಲಿಯ ಪಾತಿ. ಮದುವೆಯಾಗಿ ಬರುವಾಗ ಮೊಗುಡಂಪಲ್ಲಿಯ ತವರಿನಲ್ಲಿ ಅವಳವ್ವ ಸೆರಗಿಗೆ ಕಟ್ಟಿ ಕಳಿಸಿದ ಗಡ್ಡೆಗಳು. ಚಳಿಗಾಲದಲ್ಲಿ ನೀರು ನಿಲ್ಲಿಸಿ ಎಲೆ ಒಣಗಲು ಬಿಡುತ್ತಿದ್ದಳು. ಶಿವರಾತ್ರಿ ದಾಟಿತೆಂದರೆ ಬರಿಮಣ್ಣಿಂದ ದಂಟು ಏಳುತ್ತಿತ್ತು, ಯುಗಾದಿಗೆ ಅಂಗೈಯಗಲದ ಹೂ. ಆ ಬೋಳು ಪಾತಿಯ ಮೇಲೆ ನಾನು ಕುಂಟೆಬಿಲ್ಲೆ ಆಡಲು ಹೋದರೆ ಗದರುತ್ತಿದ್ದಳು: "ಏ ಹುಡುಗಿ, ಅವು ಸತ್ತಿಲ್ಲ, ಮಲಗ್ಯಾವ. ಎಬ್ಬಿಸಬ್ಯಾಡ."

ಊರು ಆಂಧ್ರಕ್ಕೆ ಸೇರಿದ ಮೇಲೆ ಅವಳ ಗಂಡ ಕಾಕಾನ ಕಲ್ಲಿನ ವ್ಯಾಪಾರ ಹೈದರಾಬಾದ್ ತನಕ ಹಬ್ಬಿತ್ತು. ಒಂದು ಚಳಿಗಾಲ ಕಾಕಿಯ ಅವ್ವ ತೀರಿಕೊಂಡಳು. ತವರಿನಲ್ಲಿ ತಿಥಿಕಾರ್ಯ ಮುಗಿಸಿ ಅವಳು ತಿರುಗಿ ಬರುವುದರೊಳಗೆ ಈ ಮಹಾಶಯ, ಕಲ್ಲು ಮಾರುವವನ ಅಂಗಳವೇ ಮಣ್ಣಾಗಿದ್ದರೆ ಮಾನ ಹೋದೀತೆಂದು, ಮೂಲೆಮೂಲೆಗೂ ನೀಲಿ ಪರ್ಸಿಯ ಹಾಸುಗಲ್ಲು ಹಾಕಿಸಿದ್ದ. ನನ್ನ ಅವ್ವ ಬೇಡವೆಂದಿದ್ದಳು. "ಅಲ್ಲೇನದರಿ ವೈನಿ? ಬರೇ ಮಣ್ಣ" ಎಂದಿದ್ದ.

ಕಾಕಿ ಕೈಯಲ್ಲಿನ ಗಂಟು ಇಳಿಸದೆ ಅಂಗಳದಲ್ಲಿ ನಿಂತಳು. "ಮಲಗಿದವ್ರ ಮ್ಯಾಲ ಕಲ್ಲ ಹಾಕೀರೇನ್ರಿ?" ಎಂದಳು, ಅಷ್ಟೇ. ಒಳಗೆ ಹೋಗಿ ಒಲೆ ಹಚ್ಚಿದಳು.

ಎಷ್ಟೋ ಯುಗಾದಿ ಕಳೆದ ಮೇಲೆ, ಮನೆಗೆ ಬಂದ ಬೀಗರೆದುರು ಕಾಕಾ ನಗುತ್ತ, "ನಿನ್ನ ಹೂವಿನ ಸಲುವಾಗಿ ಒಂದ್ ಪರ್ಸಿ ಕೀಳಸ್ಲೇನು?" ಎಂದ.

"ಬ್ಯಾಡ್ರಿ. ಈಗ ಕಿತ್ರ ಕೊಳತದ್ದು ಕಣ್ಣಿಗಿ ಬೀಳ್ತದ."

ಬೀಗರು ಪರ್ಸಿಯ ನುಣುಪನ್ನು ಹೊಗಳಿದರು. ನನಗೆ ಮೈಯೆಲ್ಲ ಉರಿಯಿತು.

ಅವಳು ಸತ್ತಾಗ ಅದೇ ಪರ್ಸಿಯ ಮೇಲೆ ಮಲಗಿಸಿದ್ದರು. ನಾನು ಮೊದಲು ನೋಡಿದ್ದು ಆ ಉಗುರು. ಬೆಳ್ಳಗಿತ್ತು.

ತಿಂಗಳೂ ಆಗಿರಲಿಲ್ಲ, ಅವಳ ನೆನಪಿಗೆ ತುಳಸಿಕಟ್ಟೆ ಕಟ್ಟಿಸುತ್ತೇನೆಂದು ಕಾಕಾ ಆ ಮೂಲೆಯ ಪರ್ಸಿ ಕೀಳಿಸಿದ. ಕೆಳಗೆ ಒಂದು ಮುಷ್ಟಿ ಗಡ್ಡೆಯ ಒಣಸಿಪ್ಪೆ. ಅದನ್ನು ಕೈಯಲ್ಲಿ ಹಿಡಿದು ಗೊಳೋ ಎಂದು ಅತ್ತ. "ಹೆಂಡ್ತಿ ಮ್ಯಾಲ ಎಷ್ಟ್ ಜೀವ ನೋಡ್ರಿ" ಎಂದರು ನೆರೆಯವರು. ನನಗೆ ಕರುಣೆ ಬರಲಿಲ್ಲ, ಇಂದಿಗೂ ಬಂದಿಲ್ಲ. ನಾನು ಅಲ್ಲೇ ನಿಂತು ನೋಡಿದ್ದೆ; ಆ ಕಲ್ಲು ಏಳಲು ಒಂದು ಗಳಿಗೆಯೂ ಹಿಡಿದಿರಲಿಲ್ಲ.